ಉಡುಪೂ ನೋಟವೂ

12ನೆಯ ಶತಮಾನದ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, 'ಶೂನ್ಯಸಂಪಾದನೆ'ಯ ಒಂದು ತೀಕ್ಷ್ಣ ಸಂವಾದದ ನೆಲೆ. ಸೀರೆಯನ್ನು ತೊರೆದು ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಪ್ರಶ್ನಿಸುತ್ತಾರೆ: ಸೀರೆಯ ಹಂಗು ಹರಿದ ಮೇಲೆ ಕೂದಲ ಮರೆಯೇಕೆ? ಮರೆ ತನಗಾಗಿ ಅಲ್ಲ, ನೋಡುವವರಿಗೆ ನೋವಾಗದಿರಲೆಂದು ಎಂಬುದು ಆಕೆಯ ಉತ್ತರದ ಸಾರ.

ಈ ಪ್ರಸಂಗವನ್ನು ಅಕ್ಕನ ಪರೀಕ್ಷೆಯೆಂದೇ ಓದುವುದು ವಾಡಿಕೆ. ಅದು ಅರ್ಧ ಸತ್ಯ. ಆಕೆ ಉತ್ತರಿಸಿದ ಮೇಲೆ ಪರೀಕ್ಷೆಗೊಳಗಾಗುವುದು ಸಭೆಯ ಕಣ್ಣು.

ಜೈನಾಚಾರವೂ ಇದನ್ನು ಬಲ್ಲದು. ಉಮಾಸ್ವಾತಿಗಳ 'ತತ್ತ್ವಾರ್ಥಸೂತ್ರ' ಬ್ರಹ್ಮಚರ್ಯವ್ರತಕ್ಕೆ ಹೇಳುವ ಐದು ಭಾವನೆಗಳಲ್ಲಿ ಸ್ತ್ರೀಯರ ಅಂಗಸೌಂದರ್ಯವನ್ನು ದಿಟ್ಟಿಸದಿರುವುದು ಒಂದು; ಸ್ವಂತ ಶರೀರದ ಶೃಂಗಾರವನ್ನು ಬಿಡುವುದು ಇನ್ನೊಂದು. ಎರಡೂ ವ್ರತಿಯ ಮೇಲಿನ ಹೊಣೆಗಳೇ; ಪರರ ಉಡುಪಿನ ಮೇಲೆ ಹೊರಿಸಿದ ಕಟ್ಟಳೆಗಳಲ್ಲ.

ಬಸದಿಗೆ ಸರಳವಾದ, ಶುಚಿಯಾದ ಉಡುಪು ಬೇಕೆಂಬುದರಲ್ಲಿ ವಿವಾದವಿಲ್ಲ. ಆದರೆ ಬಸವಕಲ್ಯಾಣವಾಗಲಿ, ಹುಮನಾಬಾದಾಗಲಿ, ಬಾಗಿಲಲ್ಲಿ ನಿಯಮದ ಫಲಕ ತೂಗಹಾಕುವ ಧರ್ಮದರ್ಶಿಗಳು ಜಮಾ-ಖರ್ಚು ಎರಡನ್ನೂ ಬರೆಯಬೇಕು. ಹೆಣ್ಣುಮಕ್ಕಳ ವಸ್ತ್ರಕ್ಕೆ ಹತ್ತು ಸಾಲು, ಗಂಡಸರ ದೃಷ್ಟಿಗೆ ಒಂದೂ ಇಲ್ಲವೆಂದಾದರೆ ಆ ಲೆಕ್ಕ ತಾಳೆಯಾಗದು. ಸಂಯಮವು ಬಟ್ಟೆಯಂಗಡಿಯಲ್ಲಿ ದೊರೆಯುವ ವಸ್ತುವಲ್ಲ.