ಕಾಫಿ ಹೌಸಿನ ಏಕಾಂತ

ಹೋಟೆಲಿನ ಮೂಲೆಯಲ್ಲಿ ಒಬ್ಬನೇ ಕೂತು ಕಾಫಿ ಕುಡಿಯುವ ಸುಖ ಬರಿಯ ಕಾಫಿಯದಲ್ಲ. ಸುತ್ತ ಜನರಿರುತ್ತಾರೆ, ಅವರ ಹೊಣೆ ಮಾತ್ರ ನಮ್ಮದಲ್ಲ. ಶ್ರೀ ವಿವೇಕ ಶಾನಭಾಗರು 2013ರಲ್ಲಿ ಪ್ರಕಟಿಸಿದ ‘ಘಾಚರ್ ಘೋಚರ್’ ನೀಳ್ಗತೆ ಈ ಸುಖವನ್ನೇ ಒರೆಗೆ ಹಚ್ಚುತ್ತದೆ.

ಅದರ ನಿರೂಪಕ ಬೆಂಗಳೂರಿನ ಕಾಫಿ ಹೌಸಿಗೆ ಮೇಲಿಂದ ಮೇಲೆ ಬಂದು ಕೂರುವವನು. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಮನೆಗೆ ಸಿರಿ ಬಂದಿದೆ, ಇವನು ದುಡಿಯಬೇಕಾದ್ದಿಲ್ಲ. ಮಾಣಿ ವಿನ್ಸೆಂಟ್ ಆಡುವ ಒಂದೆರಡು ಮಾತು ಇವನಿಗೆ ವೇದವಾಕ್ಯ. ಆ ಮಾತಿನಲ್ಲಿ ಅಷ್ಟು ಅರ್ಥವುಂಟೆ? ಇಲ್ಲವೆಂದೇ ನನ್ನ ಎಣಿಕೆ. ವಿನ್ಸೆಂಟ್ ಇವನನ್ನು ಪ್ರಶ್ನಿಸುವುದಿಲ್ಲ. ಹೆಂಡತಿ ಅನಿತಾ ಪ್ರಶ್ನಿಸುತ್ತಾಳೆ. ಇವನು ಮನೆಬಿಟ್ಟು ಇಲ್ಲಿಗೆ ಬರುವ ಗುಟ್ಟು ಅಷ್ಟೆ.

ಚಿಕ್ಕಪ್ಪನನ್ನು ಅರಸಿ ಬಂದ ಹೆಂಗಸನ್ನು ಮನೆಯವರು ಬಯ್ದು ಅಟ್ಟಿದಾಗ ಇವನು ಸುಮ್ಮನೆ ನೋಡುತ್ತಾನೆ. ಕಾಫಿಯ ಮೇಜಿನಿಂದ ಲೋಕವನ್ನು ನೋಡುವ ನೋಟವೂ ಇದೇ ಅಲ್ಲವೆ? ಕಾಫಿ ಹೌಸನ್ನು ಕತೆಯ ಚೌಕಟ್ಟೆಂದಷ್ಟೇ ಓದಿದವರಿಗೆ ಈ ನಂಟು ತಪ್ಪಿಹೋದೀತು. ಲೇಖಕರು ಅದನ್ನು ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ. ಅದೇ ಕೃತಿಯ ಬಲ.

ಏಕಾಂತ ಮನುಷ್ಯನಿಗೆ ಬೇಕು. ಆದರೆ ಎದ್ದುಹೋಗಿ ಮನೆಯವರೆದುರು ಬಾಯಿಬಿಡುವ ಧೈರ್ಯವನ್ನು ಕೊಡದ ಏಕಾಂತ ಬರಿಯ ಅಡಗುದಾಣ.