ಒಂದಕ್ಷರ, ಒಂದು ಚುಕ್ಕೆ

ಈಚೆಗೆ ನಮ್ಮ ವಿಜಯಪುರದ ಸಾಹಿತ್ಯ ಸಮಾರಂಭಗಳ ಆಮಂತ್ರಣ ಪತ್ರಿಕೆಗಳನ್ನು ಓದುವಾಗ ನನಗೊಂದು ಸಂದೇಹ ಬರುತ್ತಿದೆ. ಉದ್ಘಾಟಕರು ಡಾಕ್ಟರು, ಅಧ್ಯಕ್ಷರು ಡಾಕ್ಟರು, ಮುಖ್ಯ ಅತಿಥಿಗಳು ಡಾಕ್ಟರು, ವಂದನಾರ್ಪಣೆ ಮಾಡುವವರೂ ಡಾಕ್ಟರು. ಸ್ವಾಗತಗೀತೆ ಹಾಡುವ ಹುಡುಗಿಯೊಬ್ಬಳು ಮಾತ್ರ ಕುಮಾರಿ. ಇಷ್ಟೊಂದು ವಿದ್ವತ್ತು ಒಂದೇ ವೇದಿಕೆಯ ಮೇಲೆ ನೆರೆಯುವುದಾದರೆ ಊರಿಗೆ ಹೆಮ್ಮೆಯೇ ಸರಿ. ಆದರೆ ಇವರಲ್ಲಿ ಯಾರು, ಯಾವ ವಿಷಯದ ಮೇಲೆ, ಯಾವ ವಿಶ್ವವಿದ್ಯಾನಿಲಯದಿಂದ ಆ ಪದವಿಯನ್ನು ಪಡೆದರೆಂಬುದು ಪತ್ರಿಕೆಯಲ್ಲಿ ಎಲ್ಲಿಯೂ ಇರುವುದಿಲ್ಲ. ಕೇಳುವುದು ಅಸಭ್ಯವೆಂದು ನಾವು ತಿಳಿದುಕೊಂಡಿದ್ದೇವೆ. ನಕಲಿ ಪದವಿಯ ವ್ಯಾಪಾರವೆಲ್ಲ ನಮ್ಮ ಈ ಸೌಜನ್ಯದ ಮೇಲೆಯೇ ನಿಂತಿದೆ ಎಂಬುದು ನನ್ನ ವಾದ.

ಅದು ಪೊಲೀಸರ ಕೆಲಸ, ಸಾಹಿತ್ಯದ ಪುಟದಲ್ಲಿ ಅದಕ್ಕೇನು ಸ್ಥಳ ಎಂದು ಕೆಲವರು ಕೇಳಬಹುದು. ಪ್ರಮಾಣಪತ್ರವೂ ಒಂದು ಬರಹವೇ ತಾನೆ? ಬರಹವನ್ನು ಓದಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಹೇಳುವುದು ವಿಮರ್ಶಕನ ಕಸುಬಿಗೆ ಹೊರಗಾದುದಲ್ಲ.

ಎರಡು ವರ್ಷಗಳ ಕೆಳಗೆ ನನಗೊಂದು ದೂರವಾಣಿ ಕರೆ ಬಂದಿತು. ಸಂಸ್ಥೆಯ ಹೆಸರು ಇಲ್ಲಿ ಬೇಡ.

“ಸರ, ನಿಮ್ಮ ಸಾಹಿತ್ಯ ಸೇವಾ ನೋಡಿ ನಮ್ಮ ಕಮಿಟಿಯವರು ನಿಮ್ಮನ್ನ ಗೌರವ ಡಾಕ್ಟರೇಟ್‌ಗೆ ಆರಿಸ್ಯಾರ್ರಿ.”

“ನನ್ನ ಯಾವ ಪುಸ್ತಕ ಓದ್ಯಾರ್ರಿ?”

“ಅದು ಕಮಿಟಿಯವರಿಗೆ ಗೊತ್ತಿರತೈತ್ರಿ. ನೀವು ಬರೇ ನೋಂದಣಿ ಫೀ ಕಳಸ್ರಿ. ಗೌನು, ಟೊಪಗಿ, ಶಾಲು, ಫೋಟೋ ಎಲ್ಲಾ ಅದರಾಗ ಬರತಾವ.”

ಊಟವೂ ಬರುತ್ತದೆಯೇ ಎಂದು ಕೇಳಿದೆ. ಇಬ್ಬರಿಗೆ ಬರುತ್ತದೆಂದು ಉತ್ತರ ಬಂದಿತು. ಆ ಮನುಷ್ಯನ ಪ್ರಾಮಾಣಿಕತೆ ನನಗೆ ಮೆಚ್ಚಿಗೆಯಾಯಿತೆಂದೇ ಹೇಳಬೇಕು. ಆತ ಏನನ್ನೂ ಮುಚ್ಚಿಡಲಿಲ್ಲ.

ಮಾದರಿಗೆಂದು ಅವನು ಮೊಬೈಲಿಗೆ ಕಳಿಸಿದ ಪ್ರಮಾಣಪತ್ರವನ್ನು ನಾನು ಸಾವಕಾಶವಾಗಿ ಓದಿದೆ. ಸಂಸ್ಥೆಯ ಹೆಸರಿನಲ್ಲಿಯೇ ಜಗತ್ತು, ಶಾಂತಿ, ಮಾನವ ಹಕ್ಕು ಮೂರೂ ಇದ್ದವು. ಮೇಲೊಂದು ಭೂಗೋಲ, ಕೆಳಗೆ ಚಿನ್ನದ ಬಣ್ಣದ ಮುದ್ರೆ. ಪದವೀಧರನು ಅಪ್ರತಿಮ, ಅವನ ಸೇವೆ ಅನನ್ಯ, ಮಾನವಕುಲ ಅವನಿಗೆ ಚಿರಋಣಿ. ವಿಶೇಷಣಗಳನ್ನು ಹೀಗೆ ಧಾರಾಳವಾಗಿ ಸುರಿದ ಗದ್ಯವನ್ನು ನಾನು ಬೀಳ್ಕೊಡುಗೆಯ ಬಿನ್ನವತ್ತಳೆಗಳಲ್ಲಿ ಮಾತ್ರ ಕಂಡಿದ್ದೆ. ವಿಷಯ ಯಾವುದು, ಪರೀಕ್ಷಿಸಿದವರು ಯಾರು, ಈ ಸಂಸ್ಥೆ ಯಾವ ಕಾಯಿದೆಯಂತೆ ಹುಟ್ಟಿತು ಎಂಬುದೊಂದೂ ಅದರಲ್ಲಿಲ್ಲ. ಇದಕ್ಕೆ ಹೋಲಿಸಿದರೆ ನಿಜವಾದ ಪದವಿಪತ್ರ ಬಲು ನೀರಸವಾದ ಬರಹ. ಇಂಥವರು ಇಂಥ ವರ್ಷ ಇಂಥ ಪರೀಕ್ಷೆಯಲ್ಲಿ ಇಂಥ ದರ್ಜೆಯಲ್ಲಿ ಉತ್ತೀರ್ಣರಾದರು, ಅಷ್ಟೆ. ನಂಬಿಕೆಯಾಗದಿದ್ದರೆ ಓದುಗರು ತಮ್ಮ ಮನೆಯ ಕಪಾಟಿನಿಂದ ಒಂದನ್ನು ಹೊರತೆಗೆದು ನೋಡಬಹುದು. ಪರೀಕ್ಷೆ ನಡೆದಿರುವುದರಿಂದ ಅದಕ್ಕೆ ಹೊಗಳಿಕೆಯ ಅವಶ್ಯಕತೆ ಬಿದ್ದಿಲ್ಲ.

ಕಾನೂನಿನ ಮಾತು ಸ್ಪಷ್ಟವಾಗಿಯೇ ಇದೆ. ನಾವೆಲ್ಲ ಯು.ಜಿ.ಸಿ. ಎಂದು ಕರೆಯುವ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 1956ರ ಕಾಯಿದೆಯ 22ನೆಯ ಕಲಮಿನಂತೆ, ಕೇಂದ್ರದ ಅಥವಾ ರಾಜ್ಯದ ಶಾಸನದಿಂದ ಸ್ಥಾಪಿತವಾದ ವಿಶ್ವವಿದ್ಯಾನಿಲಯ, ಅದಕ್ಕೆ ಸಮಾನವೆಂದು ಘೋಷಿತವಾದ ಸಂಸ್ಥೆ, ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ, ಇಷ್ಟನ್ನು ಬಿಟ್ಟು ಬೇರೆ ಯಾರೂ ಪದವಿ ಕೊಡುವಂತಿಲ್ಲ. ಹೀಗಿದ್ದೂ ಆಯೋಗ 2023ರ ಆಗಸ್ಟಿನಲ್ಲಿ ಹೊರಡಿಸಿದ ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯಲ್ಲಿ 20 ಹೆಸರುಗಳಿದ್ದವು. ಕರ್ನಾಟಕದ ಪಾಲಿಗೆ ಒಂದು, ಅದೂ ನಮ್ಮ ನೆರೆಯ ಗೋಕಾಕದ್ದು: ‘ಬಡಗಾಂವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ ಎಜುಕೇಶನ್ ಸೊಸೈಟಿ’. ಆ ಹೆಸರಿನಲ್ಲಿಯೂ ‘ವರ್ಲ್ಡ್’ ಇರುವುದನ್ನು ಓದುಗರು ಗಮನಿಸಬೇಕು. 2020ರ ಸೆಪ್ಟೆಂಬರಿನಲ್ಲಿ ಮೈಸೂರಿನ ಹೋಟೆಲೊಂದರಲ್ಲಿ ನಡೆದಿದ್ದ ಗೌರವ ಡಾಕ್ಟರೇಟಿನ ಸಮಾರಂಭವೊಂದರ ಮೇಲೆ ಪೊಲೀಸರು ದಾಳಿ ಮಾಡಿದ್ದೂ ಉಂಟು. ಆದರೆ 1956ರ ಕಾಯಿದೆಯಲ್ಲಿ ಬರೆದ ದಂಡ ಸಾವಿರ ರೂಪಾಯಿಗೆ ಮೀರುವುದಿಲ್ಲ. ಅಂದಿನ ಸಾವಿರ ದೊಡ್ಡದು. ಇಂದು ಅದರಿಂದ ಒಂದು ಗೌನೂ ಬರಲಿಕ್ಕಿಲ್ಲ.

ಮಾನ್ಯತೆಯ ತಂಟೆಯೆಲ್ಲ ನಕಲಿಯ ತಂಟೆಯಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆ 2015ರಲ್ಲಿ, ಅದೂ 2012-13ರಿಂದ ಅನ್ವಯವಾಗುವಂತೆ, ಹೋಯಿತು. 2018ರಲ್ಲಿ ಮರಳಿ ಬಂದಿತು. ನಡುವೆ ಸಿಕ್ಕಿಕೊಂಡವರು ಪ್ರಾಮಾಣಿಕವಾಗಿ ಓದಿದ ವಿದ್ಯಾರ್ಥಿಗಳು. ಅವರನ್ನೂ ಗೌನು ಕೊಂಡವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಯು.ಜಿ.ಸಿ. ಕಾಯಿದೆ ಬಂದ ಆ 1956ರಲ್ಲಿಯೇ ನಮ್ಮೂರಿನ ವೃದ್ಧರೊಬ್ಬರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯ ಗೌರವ ಡಿ.ಲಿಟ್. ಕೊಟ್ಟಿತು. ಫ.ಗು. ಹಳಕಟ್ಟಿಯವರಿಗೆ ಆಗ ಎಪ್ಪತ್ತಾರು ವರ್ಷ. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದದ್ದು 1923ರಲ್ಲಿ, ‘ಶಿವಾನುಭವ’ ಪತ್ರಿಕೆ ಆರಂಭವಾದದ್ದೂ, ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದದ್ದೂ 1926ರಲ್ಲಿ. ವಕೀಲಿಯ ಗಳಿಕೆಯನ್ನೂ ಮನೆಯನ್ನೂ ತಾಳೆಗರಿಗಳಿಗೆ, ಅಚ್ಚಿನ ಮೊಳೆಗಳಿಗೆ ಸುರಿದ ಮನುಷ್ಯ ಅವರು. ಡಾಕ್ಟರೇಟು ಬರುವ ಹೊತ್ತಿಗೆ ಕನ್ನಡ ನಾಡು ಅವರ ಕೆಲಸವನ್ನು ಮೂವತ್ತು ವರ್ಷ ಓದಿಯಾಗಿತ್ತು. ಇಂದು ಬಿ.ಎಲ್.ಡಿ.ಇ. ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜಿನ ಹೆಸರಿನಲ್ಲಿ ‘ಡಾ. ಪಿ.ಜಿ. ಹಳಕಟ್ಟಿ’ ಎಂದಿರುವುದನ್ನು ನೋಡುವಾಗ ಆ ಒಂದಕ್ಷರದ ಹಿಂದೆ ಎಷ್ಟು ಪುಟಗಳಿವೆ ಎಂಬುದು ನನಗೆ ನೆನಪಾಗುತ್ತದೆ. ಅದೇ ಅಕ್ಷರವನ್ನು ಬಬಲೇಶ್ವರದ ಬಸ್‌ನಿಲ್ದಾಣದೆದುರಿನ ಅಭಿನಂದನೆಯ ಫಲಕದ ಮೇಲೆ, ಇಬ್ಬರ ಊಟ ಸಹಿತ ಕೊಂಡದ್ದಿರಬಹುದೆಂಬ ಸಂಶಯದೊಡನೆ ಓದಬೇಕಾಗಿ ಬಂದಿರುವುದು ಹಳಕಟ್ಟಿಯವರಿಗೆ ನಾವು ಮಾಡುತ್ತಿರುವ ಅಪಚಾರ.

ಬಿರುದಿನ ಆಸೆ ಇಂದಿನದೇನೂ ಅಲ್ಲ. ಮುಧೋಳದ ಬಳೆಗಾರರ ಮಗ ರನ್ನ ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿ ಎನಿಸಿಕೊಂಡ, ಅದನ್ನು ಹೇಳಿಕೊಳ್ಳಲು ನಾಚಲೂ ಇಲ್ಲ. ನಮ್ಮ ತೊರವಿಯ ಕವಿಯಂತೂ ತನ್ನನ್ನು ಕುಮಾರವಾಲ್ಮೀಕಿ ಎಂದೇ ಕರೆದುಕೊಂಡ. ಇದಕ್ಕಿಂತ ದೊಡ್ಡ ಬಿರುದು ಯಾವುದಿದ್ದೀತು! ಆದರೆ ಅವನು ಬಿರುದಿನ ಜೊತೆಗೆ ಇಡೀ ರಾಮಾಯಣವನ್ನು ಭಾಮಿನಿ ಷಟ್ಪದಿಯಲ್ಲಿ ನಮ್ಮ ಮುಂದಿಟ್ಟಿದ್ದಾನೆ. ಒಪ್ಪದವರು ಓದಿ ತಿರಸ್ಕರಿಸಬಹುದು. ಐದು ಶತಮಾನಗಳಾಗುತ್ತ ಬಂದರೂ ಆ ಪರೀಕ್ಷೆಗೆ ಅವನು ಹಾಜರಾಗಿಯೇ ಇದ್ದಾನೆ. ಇನ್ನು ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮಿಗಳು 2018ರಲ್ಲಿ ಪದ್ಮಶ್ರೀಯನ್ನೇ ವಿನಯದಿಂದ ಬೇಡವೆಂದರು. ಜೇಬಿಲ್ಲದ ಅಂಗಿಯ ಆ ಮಾರ್ಗವನ್ನು ಎಲ್ಲರೂ ಹಿಡಿಯಬೇಕೆಂದು ನಾನು ಹೇಳಲಾರೆ. ನಮ್ಮಂಥವರಿಗೆ ರನ್ನನ ಮಾರ್ಗವೇ ಸಾಕು: ಬಿರುದು ಇರಲಿ, ಜೊತೆಗೆ ಗ್ರಂಥವೂ ಇರಲಿ.

ಇಷ್ಟು ಹೊತ್ತು ಹೇಳಿದ್ದು ಸುಳ್ಳು ವಿಶ್ವವಿದ್ಯಾನಿಲಯದ ಮಾತಾಯಿತು. ನಿಜವಾದ ವಿಶ್ವವಿದ್ಯಾನಿಲಯದ ಹೆಸರಿನಲ್ಲಿ ಸುಳ್ಳು ಅಂಕಪಟ್ಟಿ ಅಚ್ಚು ಹಾಕುವವರು ಬೇರೆ. ಅಲ್ಲಿ ವಿಮರ್ಶಕನ ಓದು ಕೆಲಸಕ್ಕೆ ಬಾರದು, ಏಕೆಂದರೆ ನಕಲು ಮೂಲದಷ್ಟೇ ನೀರಸವಾಗಿರುತ್ತದೆ. ತಿಕೋಟಾದ ಒಣದ್ರಾಕ್ಷಿಯನ್ನು ಕೊಳ್ಳಲು ಬಂದ ವ್ಯಾಪಾರಿ ಡಬ್ಬದ ಮೇಲಿನ ಚೀಟಿ ಓದಿ ಹಣ ಎಣಿಸುವುದಿಲ್ಲ. ಕೈಹಾಕಿ ಹಿಡಿ ತುಂಬ ತೆಗೆದು, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನೋಡುತ್ತಾನೆ. ನೌಕರಿ ಕೊಡುವವರು ಮಾತ್ರ ಅಭ್ಯರ್ಥಿ ತಂದ ಕಾಗದದ ಝೆರಾಕ್ಸ್ ಮೇಲೆ ಅವನದೇ ಸಹಿ ಹಾಕಿಸಿಕೊಂಡು ತೃಪ್ತರಾಗುತ್ತಾರೆ. ಕಾಗದವನ್ನು ತಂದವನ ಕೈಯಿಂದಲ್ಲದೆ ಕೊಟ್ಟವರ ಕಚೇರಿಯಿಂದ ತಿಳಿದುಕೊಳ್ಳುವುದೊಂದೇ ಇದಕ್ಕೆ ಮದ್ದು. 2017ರಲ್ಲಿ ಆರಂಭವಾದ ನ್ಯಾಷನಲ್ ಅಕಾಡೆಮಿಕ್ ಡಿಪಾಸಿಟರಿ ಇರುವುದು ಅದಕ್ಕೇ. ವಿಶ್ವವಿದ್ಯಾನಿಲಯ ತಾನೇ ಏರಿಸಿದ ಪದವಿಪತ್ರವನ್ನು ಡಿಜಿಲಾಕರಿನಲ್ಲಿ ನೋಡಬಹುದು. ಹಳೆಯ ಪದವಿಗಳಿಗೆ ಕುಲಸಚಿವರಿಗೊಂದು ಕಾಗದ ಬರೆದು ಉತ್ತರ ಬರುವವರೆಗೆ ಕಾಯಬೇಕು. ವಿಚಾರಣೆ ಬರುತ್ತದೆ ಎಂಬ ಸುದ್ದಿಗೇ ಎಷ್ಟು ಬಲವಿದೆ ಎಂಬುದು 2015ರಲ್ಲಿ ಬಿಹಾರದಲ್ಲಿ ಕಂಡಿತು. ಸುಳ್ಳು ಪ್ರಮಾಣಪತ್ರದ ಶಿಕ್ಷಕರು ತಾವಾಗಿ ಬಿಟ್ಟುಹೋದರೆ ಕ್ರಮವಿಲ್ಲವೆಂದು ಪಾಟ್ನಾ ಉಚ್ಚ ನ್ಯಾಯಾಲಯ ಅವಕಾಶ ಕೊಟ್ಟಾಗ ಸಾವಿರಕ್ಕೂ ಮಿಕ್ಕಿ ಜನ ರಾಜೀನಾಮೆ ಬರೆದರು. ಅಷ್ಟು ಮಂದಿ ಅದುವರೆಗೆ ಮಕ್ಕಳಿಗೆ ಪಾಠ ಹೇಳುತ್ತಿದ್ದರು.

ನನ್ನನ್ನು ಹೆಚ್ಚು ಕಾಡುವುದು ಮೂರನೆಯ ಬಗೆ. ವಿಶ್ವವಿದ್ಯಾನಿಲಯ ನಿಜ, ಮುದ್ರೆ ನಿಜ, ನೋಂದಣಿ ಸಂಖ್ಯೆಯೂ ನಿಜ. ಪ್ರಬಂಧ ಬರೆದ ಕೈ ಮಾತ್ರ ಬೇರೆ. ಇದನ್ನು ಯಾವ ಡಿಪಾಸಿಟರಿಯೂ ಹಿಡಿಯಲಾರದು. 2018ರ ನಿಯಮಗಳಂತೆ ಪ್ರಬಂಧದಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ಇತರರ ಬರಹ ಹೋಲಿದರೆ ನೋಂದಣಿಯೇ ರದ್ದು. ಆದರೆ ಹೋಲಿಕೆ ಹುಡುಕುವ ಯಂತ್ರ ಕನ್ನಡದಲ್ಲಿ ಅರೆಗುರುಡು. ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ್ದು ಅದಕ್ಕೆ ಕನ್ನಡವೆಂದೇ ತಿಳಿಯುವುದಿಲ್ಲ, ಅಚ್ಚಾದ ಹಳೆಯ ಪುಸ್ತಕಗಳು ಅದರ ಕಣ್ಣಿಗೆ ಬಿದ್ದಿಲ್ಲ. ಕೂಲಿ ಕೊಟ್ಟು ಹೊಸದಾಗಿ ಬರೆಯಿಸಿದ್ದನ್ನಂತೂ ಯಾವ ಭಾಷೆಯ ಯಂತ್ರವೂ ಹಿಡಿಯದು.

ಇದರ ಪೆಟ್ಟು ಬೀಳುವುದು ಯಾರಿಗೆ? ಬಬಲೇಶ್ವರದ ಕಡೆಯಿಂದ ದಿನವೂ ಎರಡು ಬಸ್ಸು ಬದಲಾಯಿಸಿ, ಮನೆಯ ಕೆಲಸವನ್ನೂ ಮುಗಿಸಿ, ಐದು ವರ್ಷ ಗ್ರಂಥಾಲಯದಲ್ಲಿ ಕುಳಿತ ಹೆಣ್ಣುಮಗಳಿಗೆ. ಅವಳ ಸಂದರ್ಶನದ ದಿನ ಪಕ್ಕದ ಕುರ್ಚಿಯಲ್ಲಿ ಅದೇ ಒಂದಕ್ಷರ, ಒಂದು ಚುಕ್ಕೆ ಇಟ್ಟುಕೊಂಡು ಇನ್ನೊಬ್ಬ ಕುಳಿತಿರುತ್ತಾನೆ. ಹೊರಗಿನಿಂದ ನೋಡುವವರಿಗೆ ಇಬ್ಬರೂ ಸಮ. ಕ್ರಮೇಣ ಜನ ಇಬ್ಬರನ್ನೂ ನಂಬುವುದಿಲ್ಲ. “ಪಿಎಚ್.ಡಿ. ಏನ್ ಬಿಡ್ರಿ, ರೊಕ್ಕಾ ಕೊಟ್ಟರ ಸಿಗತೈತಿ” ಎಂಬ ಮಾತನ್ನು ನಾನು ಚಹದಂಗಡಿಯಲ್ಲಿ ಕೇಳಿದ್ದೇನೆ. ಆಡಿದವನು ದುಷ್ಟನಲ್ಲ, ಅನುಭವಸ್ಥ. ಸಿಂದಗಿ ತಾಲ್ಲೂಕಿನಿಂದ ಬಂದ ಎಂ.ಎಂ. ಕಲಬುರ್ಗಿಯವರ ಪಿಎಚ್.ಡಿ. ಪ್ರಬಂಧ ‘ಕವಿರಾಜಮಾರ್ಗ ಪರಿಸರದ ಕನ್ನಡ ಸಾಹಿತ್ಯ’ವನ್ನು ವಿದ್ಯಾರ್ಥಿಗಳು ಪುಸ್ತಕವಾಗಿ ಓದುತ್ತ ಬಂದಿದ್ದಾರೆ. ಅಂಥ ಜಿಲ್ಲೆಯಲ್ಲಿ ಈ ಮಾತು ಹುಟ್ಟಬಾರದಾಗಿತ್ತು.

ಇದಕ್ಕೆ ಓದುಗರೇ ಮಾಡಬಹುದಾದ ಕೆಲಸವೊಂದಿದೆ. ಒಪ್ಪಿತವಾದ ಪ್ರಬಂಧಗಳನ್ನು ‘ಶೋಧಗಂಗಾ’ ಎಂಬ ಭಂಡಾರದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ಎಲ್ಲವೂ ಅಲ್ಲಿಲ್ಲ, ಆದರೂ ಬೇಕಾದಷ್ಟಿವೆ. ಸಮಾರಂಭ ನಡೆಸುವವರು ಅತಿಥಿಯ ಹೆಸರಿನ ಕೆಳಗೆ ಪ್ರಬಂಧದ ಶೀರ್ಷಿಕೆ, ವಿಶ್ವವಿದ್ಯಾನಿಲಯ, ವರ್ಷ, ಇಷ್ಟನ್ನು ಅಚ್ಚು ಹಾಕಲಿ. ಗೌರವ ಡಾಕ್ಟರೇಟಾದರೆ ಕೊಟ್ಟವರ ಹೆಸರನ್ನು ಹಾಕಲಿ. ಅಚ್ಚಿಗೆ ಒಂದು ಸಾಲು ಹೆಚ್ಚಾದೀತು. ಕೆಲವು ಅತಿಥಿಗಳು ಆ ದಿನ ಬೇರೆ ಊರಿನಲ್ಲಿ ಕಾರ್ಯಕ್ರಮವಿದೆಯೆಂದು ಹೇಳಿಯಾರು, ಹೇಳಲಿ.

ಇನ್ನೊಂದು, ಮೌಖಿಕ ಪರೀಕ್ಷೆ. ಯು.ಜಿ.ಸಿ.ಯ 2016ರ ನಿಯಮಗಳು ಅದನ್ನು ಮುಚ್ಚಿದ ಕೋಣೆಯ ಕೆಲಸವಾಗಿಡದೆ ಅಧ್ಯಾಪಕರಿಗೆ, ಸಂಶೋಧಕರಿಗೆ, ಆಸಕ್ತ ತಜ್ಞರಿಗೆ ತೆರೆದಿಟ್ಟವು. ಆದರೆ ನಾನು ಕಂಡ ಮೌಖಿಕ ಪರೀಕ್ಷೆಗಳಲ್ಲಿ ಅಭ್ಯರ್ಥಿಯ ಬಂಧುಗಳು, ಹಾರಗಳು, ಫೇಡೆಯ ಡಬ್ಬಗಳು ಇದ್ದವೇ ಹೊರತು ಆ ವಿಷಯವನ್ನು ಬಲ್ಲ ಊರಿನ ವಿದ್ವಾಂಸರು ಇರಲಿಲ್ಲ. ಒಮ್ಮೆ ಹಾಗೆ ಹೋಗಿ ಕುಳಿತಿದ್ದಾಗ, ಮೂರನೆಯ ಅಧ್ಯಾಯದ ಮಾತನ್ನು ಒಬ್ಬರು ಪ್ರಶ್ನಿಸಿದರು. ಅಭ್ಯರ್ಥಿನಿ ಪುಟ ತಿರುವದೆಯೇ ಉತ್ತರ ಕೊಟ್ಟಳು, ಒಪ್ಪದೆ ವಾದಿಸಿದಳು, ಕೊನೆಗೆ ಪರೀಕ್ಷಕರೇ ಅವಳ ಮಾತಿಗೆ ತಲೆದೂಗಿದರು. ಆ ಪ್ರಬಂಧ ಯಾರದೆಂದು ಅಲ್ಲಿದ್ದ ಯಾರಿಗೂ ಸಂಶಯ ಉಳಿಯಲಿಲ್ಲ. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯ ಇರುವುದು ತೊರವಿಯಲ್ಲಿ, ಕುಮಾರವಾಲ್ಮೀಕಿಯ ಊರಿನಲ್ಲಿಯೇ. ನಮ್ಮ ಬಸ್‌ನಿಲ್ದಾಣದಿಂದ ತಿಕೋಟಾ ಕಡೆಯ ಬಸ್ಸು ಹತ್ತಿದರೆ ಅದು ದಾರಿಯಲ್ಲೇ ಸಿಗುತ್ತದೆ. ಮೌಖಿಕ ಪರೀಕ್ಷೆ ಎಂದಿದೆಯೆಂದು ವಿಭಾಗದಲ್ಲಿ ಮೊದಲು ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.