ಸೂಜಿ ಚುಚ್ಚಿದರೆ ಸ್ನಾಯುವಿನ ಗಂಟು ಬಿಚ್ಚುತ್ತದೆಯೇ?

ಬೆಳಗಾವಿಯ ಫಿಸಿಯೋಥೆರಪಿ ಕ್ಲಿನಿಕ್‌ಗಳ ಫಲಕಗಳಲ್ಲಿ ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಮುಂತಾದ ಹಳೆಯ ಹೆಸರುಗಳ ಜೊತೆ ‘ಡ್ರೈ ನೀಡ್ಲಿಂಗ್’ ಎಂಬ ಸಾಲನ್ನೂ ನೀವು ಓದಿರಬಹುದು. ಸುಮಾರು 0.3 ಮಿಲಿಮೀಟರ್ ದಪ್ಪದ, ಒಳಗೆ ಟೊಳ್ಳಿಲ್ಲದ ಸೂಜಿಯನ್ನು ನೋಯುವ ಸ್ನಾಯುವಿನೊಳಕ್ಕೆ ಚುಚ್ಚಿ ತೆಗೆಯುವ ವಿಧಾನವಿದು. ಔಷಧ ಏನನ್ನೂ ಒಳಗೆ ಬಿಡುವುದಿಲ್ಲವಾದ್ದರಿಂದ ‘ಡ್ರೈ’, ಅಂದರೆ ಒಣ. ಸೂಜಿ ಅಕ್ಯುಪಂಕ್ಚರಿನದೇ ಆದರೂ ವಾದ ಬೇರೆ. ಅಲ್ಲಿ ಚೀನೀ ಸಂಪ್ರದಾಯದ ಶಕ್ತಿರೇಖೆಗಳು. ಇಲ್ಲಿ ಸ್ನಾಯುವಿನೊಳಗಿನ ಬಿಗಿ ಎಳೆಯಲ್ಲಿರುವ, ಒತ್ತಿದರೆ ನೋಯುವ ‘ಟ್ರಿಗರ್ ಪಾಯಿಂಟ್’.

ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ನನ್ನ ಬಲಭುಜವೂ ಒಮ್ಮೆ ಈ ಸೂಜಿಯನ್ನು ಕಂಡಿದೆ. ಸೂಜಿ ತಾಗಿದೊಡನೆ ಸ್ನಾಯು ಮೀನಿನಂತೆ ಮಿಡುಕಿತು. ಮರುದಿನ ಕೈ ಹಗುರವೆನಿಸಿತು. ಹಾಗಾಗಿ ಇದನ್ನು ಬರೀ ಬೂಟಾಟಿಕೆ ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಆದರೆ ಅಂದು ನನಗೆ ದೊರೆತ ವಿವರಣೆ ಮಾತ್ರ ಒಪ್ಪಿಗೆಯಾಗಲಿಲ್ಲ: “ಗಂಟಿನಲ್ಲಿ ಕರೆಂಟ್ ತಡೆದು ನಿಂತಿತ್ತು ಸರ್, ಸೂಜಿ ಅದನ್ನು ಬಿಡಿಸಿತು.” ನನಗಿಂತ ಹೆಚ್ಚು ಕಳೆದುಕೊಂಡವರು ಖಾನಾಪುರದ ಒಬ್ಬ ಹಿರಿಯ ಕುಂಬಾರರು. ಅಲ್ಲಿನ ಮಣ್ಣಿನ ಕೆಲಸ ಹೆಸರಾದದ್ದು. ಕುಂಬಾರಿಕೆ ಕಲಿಸುವ ಕೇಂದ್ರೀಯ ಸಂಸ್ಥೆಯೂ ಆ ಊರಿನಲ್ಲಿದೆ. ಇವರು ತಿಗರಿಯ ಮುಂದೆ ಬಾಗಿ ಕುಳಿತು ಬಂದ ಕುತ್ತಿಗೆ ನೋವಿಗೆ ಆರು ಬಾರಿ ಬೆಳಗಾವಿಗೆ ಬಂದು ಸೂಜಿ ಹಾಕಿಸಿಕೊಂಡರು. ಒಂದೊಂದು ಬಾರಿಗೂ ಫೀಸು, ಬಸ್ಸಿನ ಖರ್ಚು, ಒಂದು ದಿನದ ದುಡಿಮೆ. “ಎರಡ ದಿನ ಹಗುರ ಅನಸ್ತದ್ರಿ ಸರ, ಮೂರನೇ ದಿನ ಮತ್ತ ಅದೇ ಹಾಡು” ಎಂದರು. ಅವರ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಇತಿಹಾಸದಲ್ಲಿ ಒಂದು ಸ್ವಾರಸ್ಯವಿದೆ. ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್ (ಅಧ್ಯಕ್ಷ ಕೆನಡಿಯವರ ವೈದ್ಯರೂ ಆಗಿದ್ದವರು) ಇಂಥ ಬಿಂದುಗಳಿಗೆ ಅರಿವಳಿಕೆ ಔಷಧ ಚುಚ್ಚುತ್ತಿದ್ದರು. 1983ರಲ್ಲಿ ಡೇವಿಡ್ ಸೈಮನ್ಸ್ ಜೊತೆ ಅವರು ಬರೆದ ಕೈಪಿಡಿ ಈ ಕ್ಷೇತ್ರದ ಮೂಲಗ್ರಂಥವಾಯಿತು. ಅದಕ್ಕೂ ಮೊದಲೇ, 1979ರಲ್ಲಿ, ಚೆಕ್ ವೈದ್ಯ ಕರೆಲ್ ಲೆವಿಟ್ ಔಷಧವನ್ನು ಬಿಟ್ಟು ಬರೀ ಸೂಜಿಯನ್ನು ಬಳಸಿ, 241 ರೋಗಿಗಳ 312 ನೋವಿನ ತಾಣಗಳ ವರದಿ ಪ್ರಕಟಿಸಿದರು. ಶೇಕಡಾ 86.8ರಲ್ಲಿ ನೋವು ತಕ್ಷಣ ಶಮನವಾಯಿತಂತೆ. ಔಷಧವಿಲ್ಲದೆಯೂ ಪರಿಣಾಮ ಉಳಿಯಿತು, ಆದ್ದರಿಂದ ಕೆಲಸ ಮಾಡುವುದು ಸೂಜಿಯೇ ಎಂಬುದು ಅವರ ತರ್ಕ.

ಪ್ರಯೋಗಾಲಯದಲ್ಲಿ ನಮ್ಮ ವಿದ್ಯಾರ್ಥಿ ಇಷ್ಟಕ್ಕೆ ನಿಲ್ಲಿಸಿದರೆ ನಾವು ಬಿಡುತ್ತೇವೆಯೇ? ಔಷಧವನ್ನು ತೆಗೆದು ನೋಡಿದ್ದಾಯಿತು. ಈಗ ಚುಚ್ಚುವಿಕೆಯನ್ನೂ ತೆಗೆದು ನೋಡು ಎನ್ನುತ್ತೇವೆ. ಆಗಲೂ ಪರಿಣಾಮ ಉಳಿದರೆ? ಲೆವಿಟ್ ಅವರ ವರದಿಯಲ್ಲಿ ಹೋಲಿಕೆಯ ಗುಂಪೇ ಇರಲಿಲ್ಲ.

ಹೋಲಿಕೆ ಏಕೆ ಬೇಕು? ಸ್ನಾಯುನೋವು ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ನಾವು ಕ್ಲಿನಿಕ್ ಮೆಟ್ಟಿಲೇರುವುದು ಅದು ಶಿಖರದಲ್ಲಿದ್ದಾಗ. ಆಷಾಢದಲ್ಲಿ ಕಣಕುಂಬಿಯ ಮಳೆ ಅತಿ ಜೋರಾದ ದಿನ ಕೊಡೆ ಕೊಂಡು, ಮರುದಿನ ಮಳೆ ತಗ್ಗಿದರೆ ಕೊಡೆಗೆ ಯಶಸ್ಸು ಕೊಟ್ಟಂತೆ ಆಗಬಾರದಲ್ಲವೇ? ಇದರ ಮೇಲೆ ನಿರೀಕ್ಷೆಯ ಪ್ರಭಾವವೂ ಸೇರುತ್ತದೆ. ಇದನ್ನು ಬೇರ್ಪಡಿಸಲೆಂದೇ ಹುಸಿ ಸೂಜಿಗಳಿವೆ. 1998ರಲ್ಲಿ ಜರ್ಮನಿಯ ಸ್ಟ್ರೈಟ್‌ಬರ್ಗರ್ ವಿವರಿಸಿದ ಸೂಜಿಯ ತುದಿ ಮೊಂಡು. ಒತ್ತಿದರೆ ನಾಟಕದ ಚೂರಿಯಂತೆ ಹಿಡಿಯೊಳಕ್ಕೆ ಸರಿಯುತ್ತದೆ. ಇಲ್ಲೊಂದು ತೊಡಕಿದೆ: ಸ್ನಾಯು ಮಿಡುಕುವುದನ್ನು ಹುಸಿಯಾಗಿ ತರಲಾಗದು. ನಿಜವಾದ ಸೂಜಿ ಯಾವುದೆಂಬುದು ಚುಚ್ಚುವವರಿಗೂ ಗೊತ್ತಿರುತ್ತದೆ.

ಇಂಥ ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಗ್ಯಾಟಿ ಮತ್ತು ಸಂಗಡಿಗರು ವಿಮರ್ಶಿಸಿದರು. ಹನ್ನೆರಡು ವಾರಗಳವರೆಗೆ ನೋವು ತಗ್ಗಿಸುವುದರಲ್ಲಿ ಡ್ರೈ ನೀಡ್ಲಿಂಗ್ ಹುಸಿ ಸೂಜಿಗಿಂತ ಮೇಲು ಎಂದು ಕಂಡುಬಂತು. ಆದರೆ ಸಾಕ್ಷ್ಯದ ಗುಣಮಟ್ಟ ತೀರಾ ಕೆಳಮಟ್ಟದಿಂದ ಮಧ್ಯಮದವರೆಗೆ ಮಾತ್ರ. ಕೈಕಾಲು ಆಡಿಸುವ, ಕೆಲಸ ಮಾಡುವ ಸಾಮರ್ಥ್ಯದಲ್ಲಿ ಇತರ ಫಿಸಿಯೋಥೆರಪಿ ಚಿಕಿತ್ಸೆಗಳಿಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ದೀರ್ಘಕಾಲದ ಲಾಭಕ್ಕೆ ಸಾಕ್ಷ್ಯವಿರಲಿಲ್ಲ. ನಮ್ಮ ಕುಂಬಾರರಿಗೆ ಬೇಕಾದದ್ದು ತಿಗರಿಯ ಮುಂದೆ ದಿನವಿಡೀ ಕೂರುವ ಸಾಮರ್ಥ್ಯ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಿ.

ಇನ್ನು ಆ ‘ಗಂಟು’. ಸ್ನಾಯುವಿನಲ್ಲಿ ಹಗ್ಗದಲ್ಲಿರುವಂಥ ಗಂಟು ಇಲ್ಲ. ಸ್ನಾಯುವಿನ ಒಂದು ಚಿಕ್ಕ ಭಾಗ ಸಂಕುಚನದಲ್ಲೇ ಸಿಕ್ಕಿಕೊಂಡು, ರಕ್ತ ಸಾಲದೆ, ಸಡಿಲಗೊಳ್ಳಲು ಬೇಕಾದ ಎಟಿಪಿ ಶಕ್ತಿಯೂ ಸಾಲದೆ ಹಾಗೆಯೇ ಉಳಿಯುತ್ತದೆ ಎಂಬುದು ಸೈಮನ್ಸ್ ಅವರ ಊಹೆ. ಅಲ್ಟ್ರಾಸೌಂಡ್ ಮತ್ತು ಎಂಆರ್‌ಐ ಮೂಲಕ ಸ್ನಾಯುವಿನ ಕಂಪನ ಅಳೆದವರಿಗೆ ಕೆಲವೆಡೆ ಗಡುಸು ಭಾಗಗಳು ಕಂಡಿವೆ, ನಿಜ. ಆದರೆ ಒಬ್ಬರು ಬೆರಳಿನಿಂದ ಗುರುತಿಸಿದ ಬಿಂದುವನ್ನೇ ಇನ್ನೊಬ್ಬರು ಗುರುತಿಸುತ್ತಾರೆಂಬ ಭರವಸೆಯಿಲ್ಲ. 2009ರ ಒಂದು ವಿಮರ್ಶೆ ಈ ಬೆರಳ ಪರೀಕ್ಷೆಯನ್ನು ನಂಬಲರ್ಹವೆಂದು ಒಪ್ಪಲಿಲ್ಲ. ಇಬ್ಬರು ಅಳೆದಾಗ ಎರಡು ಉತ್ತರ ಬರುವ ಅಳತೆಗೋಲನ್ನು ನಾವು ಮೊದಲು ಸರಿಪಡಿಸುತ್ತೇವೆ, ಆಮೇಲೆ ಸಿದ್ಧಾಂತ ಕಟ್ಟುತ್ತೇವೆ. 2015ರಲ್ಲಿ ಕ್ವಿಂಟ್ನರ್ ಮತ್ತು ಸಂಗಡಿಗರು ಟ್ರಿಗರ್ ಪಾಯಿಂಟ್ ಸಿದ್ಧಾಂತವನ್ನೇ ತಿರಸ್ಕರಿಸಿದರು. ಅಷ್ಟು ದೂರ ನಾನು ಹೋಗಲಾರೆ. ನೋವು ಒಂದು ಕಡೆ ಒತ್ತಿದಾಗ ಇನ್ನೊಂದು ಕಡೆ ಹರಡುವುದನ್ನು ನಾನೇ ಅನುಭವಿಸಿದ್ದೇನೆ.

‘ಕರೆಂಟ್’ ಮಾತಿಗೂ ಅಲ್ಪ ಆಧಾರವಿದೆ. 1993ರಲ್ಲಿ ಹಬ್ಬರ್ಡ್ ಮತ್ತು ಬರ್ಕಾಫ್ ಈ ಬಿಂದುಗಳಲ್ಲಿ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಿದರು. ನರ ಸ್ನಾಯುವನ್ನು ಸೇರುವಲ್ಲಿ ಆರೋಗ್ಯವಂತರಲ್ಲೂ ಅಂಥ ಸದ್ದು ಇರುತ್ತದೆ ಎಂದು ಇತರರು ಆಕ್ಷೇಪಿಸಿದರು. ಲೆಕ್ಕವನ್ನೂ ನೋಡೋಣ. ಸ್ನಾಯುತಂತುವಿನ ದಪ್ಪ ಸುಮಾರು 50 ಮೈಕ್ರೋಮೀಟರ್. ನಮ್ಮ ಸೂಜಿ 300. ಅಂದರೆ ಸೂಜಿಯ ಅಗಲ ಆರು ತಂತುಗಳಷ್ಟು. ಪ್ರತಿ ತಂತುವೂ ತನ್ನದೇ ಪೊರೆಯ ಒಳಹೊರಗೆ ಸುಮಾರು 90 ಮಿಲಿವೋಲ್ಟ್ ವಿಭವಾಂತರವನ್ನು ಕಾಯ್ದುಕೊಂಡಿರುತ್ತದೆ. ಸಾವಿರಾರು ತಂತುಗಳ ಸ್ನಾಯುವಿನಲ್ಲಿ ತಡೆದು ನಿಂತ ಪ್ರವಾಹವೊಂದಿದ್ದು, ಸೂಜಿ ಅದನ್ನು ಹರಿಯಬಿಡುತ್ತದೆ ಎನ್ನಲು ಇಲ್ಲಿ ಎಡೆಯೇ ಇಲ್ಲ. ಸೂಜಿಯ ಪ್ರಭಾವ ನರಗಳ ಮೂಲಕ, ಬೆನ್ನುಹುರಿ ಮತ್ತು ಮಿದುಳಿನಲ್ಲಿ ನೋವಿನ ಸಂಕೇತವನ್ನು ತಗ್ಗಿಸುವುದರಿಂದ ಬರುವುದು ಹೆಚ್ಚು ಸಂಭವ. ಹಾಗಿದ್ದರೆ ಗಂಟಿನ ನಟ್ಟನಡುವಿಗೇ ಚುಚ್ಚಬೇಕೆಂಬ ಹಟಕ್ಕೆ ಅರ್ಥ ಕಡಿಮೆ.

ಕುಂಬಾರರಿಗೆ ನಾನು ಹೇಳಿದ್ದು ಇಷ್ಟು: ಸೂಜಿಯಿಂದ ಎರಡು ದಿನ ಹಗುರವಾದರೆ ಆ ಎರಡು ದಿನವನ್ನು ಕುತ್ತಿಗೆ, ಭುಜದ ವ್ಯಾಯಾಮ ಕಲಿಯಲು ಬಳಸಿ, ತಿಗರಿಯ ಮುಂದಿನ ಕೂರುವ ಮಣೆ ಎತ್ತರಿಸಿ. ಎರಡು ಮೂರು ಬಾರಿಯಲ್ಲಿ ಗುಣ ಕಾಣದಿದ್ದರೆ ಏಳನೆಯದಕ್ಕೆ ದುಡ್ಡು ಕೊಡಬೇಡಿ. ಕೈ ಜೋಮು ಹಿಡಿದರೆ, ಶಕ್ತಿ ಕುಂದಿದರೆ ಸೂಜಿಗೆ ಮೊದಲು ವೈದ್ಯರನ್ನು ಕಾಣಿ.

ಅಪಾಯದ ಮಾತನ್ನು ಫಲಕಗಳು ಹೇಳುವುದಿಲ್ಲ. 2014ರಲ್ಲಿ ಪ್ರಕಟವಾದ ಐರ್ಲೆಂಡಿನ ಅಧ್ಯಯನದಲ್ಲಿ 7,629 ಚಿಕಿತ್ಸೆಗಳ ಪೈಕಿ ಸುಮಾರು ಶೇಕಡಾ 19ರಲ್ಲಿ ರಕ್ತ ಹೆಪ್ಪುಗಟ್ಟಿದ ಕಲೆ, ಸ್ವಲ್ಪ ರಕ್ತಸ್ರಾವ, ನೋವಿನಂಥ ಚಿಕ್ಕ ತೊಂದರೆಗಳಾದವು. ಗಂಭೀರವಾದದ್ದು ಯಾವುದೂ ಇರಲಿಲ್ಲ. ಆದರೆ ಶ್ವಾಸಕೋಶದ ತುದಿ ಕೊರಳೆಲುಬಿನ ಮೇಲಕ್ಕೂ ಬರುತ್ತದೆ. ಭುಜದ ಮೇಲ್ಭಾಗದಲ್ಲಿ ಆಳಕ್ಕೆ ಹೋದ ಸೂಜಿ ಅದಕ್ಕೆ ತಾಗಿ ಎದೆಗೂಡಿನಲ್ಲಿ ಗಾಳಿ ತುಂಬಿಕೊಂಡ ಪ್ರಕರಣಗಳು ಅಪರೂಪವಾದರೂ ವರದಿಯಾಗಿವೆ. ಚಿಕಿತ್ಸೆಯ ನಂತರ ಎದೆ ಚುಚ್ಚಿದಂತಾದರೆ, ಉಸಿರು ಕಟ್ಟಿದರೆ ಕ್ಲಿನಿಕ್‌ಗೆ ಫೋನು ಮಾಡುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗಿ, ಸೂಜಿ ಹಾಕಿಸಿಕೊಂಡದ್ದನ್ನು ಮೊದಲು ಹೇಳಿ.